ನಾನು ಓಡಿಸದ ಕಾರಿನ ಸದ್ದು

ನನ್ನ ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ಸುಗಳ ಪಕ್ಕದ ಸ್ಟೋರಿನಲ್ಲಿ ಕೂತು ರಿಟೈರ್ ಆದವನು ನಾನು. ತಗಡು ಒತ್ತುವ ಆ ಯಂತ್ರಗಳು ಬೆಳಗ್ಗೆಯಿಂದ ಸಂಜೆಯವರೆಗೆ ಧಡ್ ಧಡ್ ಎನ್ನುತ್ತಿದ್ದದ್ದು ನನ್ನ ಎಡಗಡೆಗೇ. ಆ ಕಿವಿ ಎಷ್ಟೋ ವರ್ಷ ಸಹಿಸಿಕೊಂಡು, ಆಮೇಲೆ ನನಗಿಂತ ಮೊದಲೇ ರಿಟೈರ್ ಆಯಿತು. ನನ್ನ ಹೆಂಡತಿ ಜಯಮ್ಮ ನನಗೆ ಏನಾದರೂ ಹೇಳಬೇಕಾದರೆ ಬಲಗಡೆಗೆ ಬಂದು ಹೇಳುತ್ತಾಳೆ. ನನ್ನ ಬಗ್ಗೆ ಏನಾದರೂ ಹೇಳಬೇಕಾದರೆ ಎಡಗಡೆಯಿಂದ ಹೇಳುತ್ತಾಳೆ.

ಇಂಥ ಕಿವಿಯ ನಾನು, ಕಾರಿನ ಹುಚ್ಚು ಹಿಡಿದವರ ಒಂದು ಗುಂಪಿನಲ್ಲಿ, ಇಂಜಿನ್ನಿನ ಸದ್ದಿನ ವಿಷಯದಲ್ಲಿ ದೊಡ್ಡ ಮನುಷ್ಯನಾಗಿದ್ದೆ. ನನಗೆ ಕಾರು ಓಡಿಸಲು ಬರುವುದಿಲ್ಲ ಎನ್ನುವುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳಲು ಕೂತ ಮೇಲೆ ಕಂತಿನ ಮೇಲೆ ಒಪ್ಪಿಕೊಳ್ಳುವುದು ಚೆನ್ನಾಗಿರುವುದಿಲ್ಲ.

ಇದಕ್ಕೆಲ್ಲ ಕಾರಣ ಬಸಣ್ಣ ಎಂದು ಹೇಳಿದರೆ ನನಗೆ ಸ್ವಲ್ಪ ಹಗುರಾಗುತ್ತದೆ, ಆದರೆ ಅವನಿಗೆ ಅನ್ಯಾಯವಾಗುತ್ತದೆ. ಬಸಣ್ಣ ಮಾಕಳಿಯಲ್ಲಿರುವ ನಮ್ಮ ಮನೆಯ ಮಹಡಿಯ ರೂಮಿನಲ್ಲಿ ಬಾಡಿಗೆಗೆ ಇದ್ದಾನೆ. ಬಾಗಲಕೋಟೆ ಕಡೆಯವನು. ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸ. ಅವನ ರೂಮಿನ ಗೋಡೆಯಲ್ಲಿ ದೇವರ ಪಟ ಒಂದೇ ಒಂದು. ಕಾರಿನ ಪಟಗಳು ಎಣಿಸಲಾರದಷ್ಟು. ಅವನಿಗಿರುವುದು ಒಂದು ಹಳೇ ಬೈಕು. ಆದರೆ ಲೋಕದ ಯಾವ ಕಾರಿನ ಬಾನೆಟ್ಟಿನ ಕೆಳಗೆ ಏನಿದೆ ಎನ್ನುವುದನ್ನು ತನ್ನ ಮನೆಯ ಅಟ್ಟದಲ್ಲಿ ಏನಿದೆ ಎಂದು ಹೇಳುವಂತೆ ಹೇಳುತ್ತಾನೆ. ರಿಟೈರ್ ಆದ ಮೇಲೆ ಸಂಜೆ ಹೊತ್ತು ಮಾಡಲು ಕೆಲಸವಿಲ್ಲದೆ ನಾನು ಮೆಟ್ಟಿಲು ಹತ್ತಿ ಹೋಗಿ ಅವನ ಫೋನಿನಲ್ಲಿ ಕಾರುಗಳನ್ನು ನೋಡುತ್ತ ಕೂರುತ್ತಿದ್ದೆ. ನನ್ನ ಕುತೂಹಲ ನೋಡಿ ಅವನೇ ನನ್ನನ್ನು ತಾನಿದ್ದ ಗ್ರೂಪಿಗೆ ಸೇರಿಸಿದ. ಹೆಸರು ‘ನಮ್ಮೂರ ನಾಲ್ಕು ಚಕ್ರ’. ಅತ್ತಿಬೆಲೆಯಿಂದ ಹಿಡಿದು ವೈಟ್‌ಫೀಲ್ಡಿನವರೆಗೆ, ಬೆಂಗಳೂರಿನ ಸುತ್ತ ಇರುವ ಕಾರಿನ ಹುಚ್ಚರೆಲ್ಲ ಅದರಲ್ಲಿ ಇದ್ದರು. ಕಾರು ಇದ್ದವರು ಕಡಿಮೆ, ಹುಚ್ಚು ಇದ್ದವರು ಜಾಸ್ತಿ. ಹಾಗಾಗಿ ನನಗೆ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ.

ಆಗ ಒಂದು ದುಬಾರಿ ಸೆಡಾನ್ ಕಾರಿನ ಹೊಸ ಮಾಡೆಲ್ ಬರುವುದರಲ್ಲಿತ್ತು. ಹೆಸರು ಬೇಡ, ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ನೋಡುವುದಕ್ಕೆ ಆಫೀಸಿಗೆ ಹೋಗುವ ಸಾಹೇಬರ ನಾಲ್ಕು ಬಾಗಿಲಿನ ಕಾರು, ಒಳಗೆ ರೇಸಿನ ಕುದುರೆ. ಅದನ್ನು ಬಿಡುಗಡೆ ಮಾಡಿದ ದಿನ ಬಸಣ್ಣನ ಫೋನಿನಲ್ಲಿ ಇಬ್ಬರೂ ನೋಡಿದೆವು. ವೇದಿಕೆಯ ಮೇಲೆ ಕಾರಿಗೆ ಬಟ್ಟೆ ಹೊದಿಸಿದ್ದರು. ಕೋಟು ಹಾಕಿದ್ದ ಇಬ್ಬರು ಬಂದು ಅದನ್ನು ಮೆಲ್ಲಗೆ ಎಳೆದರು. ನಮ್ಮ ಬೀದಿಯಲ್ಲಿ ಕಾರಿನ ಮೇಲಿನ ಬಟ್ಟೆ ಎಳೆದರೆ ಒಂದು ಬೆಕ್ಕು ಹಾರಿ ಓಡುತ್ತದೆ. ಅಲ್ಲಿ ಹೊಗೆ ಬಂತು, ನೀಲಿ ದೀಪ ಬಂತು, ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಬಸಣ್ಣನ ಕಣ್ಣಲ್ಲಿ ನೀರು ಬಂದಿತ್ತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಆಮೇಲೆ ಹೇಳಿದ. ಈರುಳ್ಳಿ ಎಲ್ಲೂ ಕಾಣಲಿಲ್ಲ.

ಕಾರಿಗಿಂತ ನನಗೆ ಇಷ್ಟವಾಗಿದ್ದು ಆಮೇಲೆ ಗ್ರೂಪಿನಲ್ಲಿ ಬಿದ್ದ ಮಾತಿನ ಮಳೆ. ಒಬ್ಬ ಬರೆದ: “ಮಗಾ, ಮುಂದಿನ ಗ್ರಿಲ್ ನೋಡು, ಹಲ್ಲು ಕೀಳಿಸ್ಕೊಂಡು ಆಸ್ಪತ್ರೆಯಿಂದ ಈಚೆಗ್ ಬಂದಂಗಿದೆ.” ಇನ್ನೊಬ್ಬ: “ಒಂದ್ ಕಿಡ್ನಿ ಕೊಟ್ರೆ ಸಾಲಲ್ಲ ಗುರು, ಮನೆಯೋರ್ದೆಲ್ಲ ಕೇಳ್ತಾರೆ.” ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೂರರ ವೇಗ ಮುಟ್ಟುತ್ತದೆ ಎಂದು ಕಂಪನಿಯವರು ಹೇಳಿದ್ದಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಕೇಳಿದ: “ಆ ಟ್ರಾಫಿಕ್ಕಲ್ಲಿ ಸಿಲ್ಕ್ ಬೋರ್ಡ್ ಮುಟ್ಟೋಕೆ ಎಷ್ಟೊತ್ತಾಗುತ್ತೆ ಅಂತ ಏನಾದ್ರೂ ಹೇಳಿದ್ರಾ?” ಹಿಂದಿನ ಮಾಡೆಲಿನಲ್ಲಿ ಇದ್ದ ದೊಡ್ಡ ಇಂಜಿನ್ನು ತೆಗೆದು, ಚಿಕ್ಕ ಇಂಜಿನ್ನಿಗೆ ಒಂದು ಕರೆಂಟಿನ ಮೋಟರು ಜೋಡಿಸಿದ್ದರು. ಇದಂತೂ ಯಾರಿಗೂ ಸಹಿಸಲಾಗಲಿಲ್ಲ. “ಸಿಂಹಕ್ಕೆ ಚಾರ್ಜರ್ ಹಾಕ್ತಾರಂತೆ ಕಣ್ರೋ” ಎಂದು ಒಬ್ಬ ಅತ್ತ. ನೂರಾರು ಜನ ಹೀಗೆ ಬರೆದರು. ಅವರಲ್ಲಿ ಒಬ್ಬನೂ ಆ ಕಾರನ್ನು ಕಣ್ಣೆದುರು ಕಂಡಿರಲಿಲ್ಲ.

“ಅಜ್ಜಾರ, ನೀವೂ ಒಂದ್ ಮಾತ್ ಬರೀರಿ. ಬರೇ ನೋಡ್ಕೋತ ಕುಂತ್ರ ಹೆಂಗ್ರಿ” ಎಂದ ಬಸಣ್ಣ.

ಏನು ಬರೆಯಲಿ? ನನಗೆ ಈ ಕಾರಿನ ಹಳೆಯ ಮಾಡೆಲಿನ ಜೊತೆ ಒಂದೇ ಒಂದು ಸಂಬಂಧವಿತ್ತು. ನಮ್ಮ ಕಾರ್ಖಾನೆಯ ಯಜಮಾನರ ಹತ್ತಿರ ಅದು ಇತ್ತು. ಆಯುಧಪೂಜೆಯ ಮುನ್ನಾದಿನ ಬೂದುಗುಂಬಳಕಾಯಿ ತರುವುದಕ್ಕೆ ಯಶವಂತಪುರದ ಮಾರ್ಕೆಟ್ಟಿಗೆ ಹೋಗಬೇಕಾಗಿತ್ತು. ಕಂಪನಿಯ ವ್ಯಾನು ಕೆಟ್ಟಿತ್ತು. ಯಜಮಾನರ ಡ್ರೈವರು ಆ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೋದ. ಬರುವಾಗ ಹಿಂದಿನ ಸೀಟಿನಲ್ಲಿ, ತೊಗಲಿಗೆ ಬೂದಿ ಹತ್ತಬಾರದೆಂದು ಕುಂಬಳಕಾಯಿಯನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ನನ್ನ ಗಮನವೆಲ್ಲ ಕುಂಬಳಕಾಯಿಯ ಮೇಲೆ. ಇಂಜಿನ್ನು ಸದ್ದು ಮಾಡಿತೋ ಇಲ್ಲವೋ ದೇವರೇ ಬಲ್ಲ.

ಇಷ್ಟನ್ನು ಬಂಡವಾಳ ಮಾಡಿಕೊಂಡು ನಾನು ಬರೆದೆ: “ಹಳೇ ಮಾಡೆಲಿನಲ್ಲಿ ಕೂತವನಿಗೆ ಗೊತ್ತು. ಹೊಸದರಲ್ಲಿ ಸದ್ದು ಸತ್ತಿದೆ.”

ಮೊದಲನೆಯ ವಾಕ್ಯ ಸುಳ್ಳಲ್ಲ, ನಿಮ್ಮ ಗಮನಕ್ಕೆ ಇರಲಿ. ಕೂತಿದ್ದೆನಲ್ಲ. ಎರಡನೆಯದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಬರೆಯುವ ಕೈಗೆ ಒಂದು ವೇಗ ಬಂದಾಗ ಹೀಗೆ ಆಗುತ್ತದೆ. ಸಂಜೆಯೊಳಗೆ ಗ್ರೂಪಿನ ತುಂಬ ಅದೇ ಮಾತು. ನನ್ನ ವಯಸ್ಸಿಗೆ ಅಲ್ಲಿ ಎಲ್ಲರೂ ನನ್ನನ್ನು ಯಜಮಾನ್ರು ಎನ್ನುತ್ತಿದ್ದರು. “ಯಜಮಾನ್ರು ಹೇಳಿದ್ದೇ ಕರೆಕ್ಟು, ಸದ್ದು ಸತ್ತಿದೆ.” “ಓಡಿಸಿದೋರು ಹೇಳ್ತಿದ್ದಾರೆ ಕೇಳ್ರೋ.” ಕೂತವನು ಅವರ ಬಾಯಲ್ಲಿ ಓಡಿಸಿದವನಾದ. ನಾನು ತಿದ್ದಬಹುದಾಗಿತ್ತು. ತಿದ್ದಲಿಲ್ಲ. ಮಾರನೆಯ ದಿನ ಯಾರೋ ಏನೋ ಕೇಳಿದಾಗ ನಾನೇ “ನಾನು ಓಡಿಸಿದ ಕಾಲಕ್ಕೆ” ಎಂದು ಶುರುಮಾಡಿದೆ. ಸುಳ್ಳು ಹೇಳುವುದು ಮೆಟ್ಟಿಲು ಇಳಿದ ಹಾಗೆ. ಒಂದೊಂದು ಮೆಟ್ಟಿಲೂ ಚಿಕ್ಕದೇ ಇರುತ್ತದೆ, ಕೆಳಗೆ ಬಂದು ತಲೆ ಎತ್ತಿ ನೋಡಿದಾಗಲೇ ಎಷ್ಟು ಇಳಿದೆವು ಎಂದು ತಿಳಿಯುವುದು.

“ಅಜ್ಜಾರ, ನೀವು ಸೈಕಲ್ ಹೊಡೆಯೂದೂ ನಾ ನೋಡಿಲ್ರಿ” ಎಂದ ಬಸಣ್ಣ, ಫೋನಿನಿಂದ ತಲೆ ಎತ್ತಿ.

“ಸೈಕಲ್ ಬರ್ತದಪ್ಪ” ಎಂದೆ.

ಇಂಥ ಪಂಡಿತರು ಹೊಸಬರೇನಲ್ಲ. ನಾನು ಚಿಕ್ಕವನಾಗಿದ್ದಾಗ ದನದ ಸಂತೆಯಲ್ಲಿ ನನ್ನ ದೊಡ್ಡಪ್ಪ ಹೀಗೇ ಇದ್ದ. ಅವನಿಗೆ ಉಳುವುದಕ್ಕೆ ಬರುತ್ತಿರಲಿಲ್ಲ. ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆಯುವುದು ಅವನ ಕೆಲಸ. ಆದರೂ ಯಾರಾದರೂ ಎತ್ತು ಕೊಳ್ಳುವಾಗ ಇವನು ಎದುರು ಪ್ರತ್ಯಕ್ಷನಾಗುತ್ತಿದ್ದ. ಬಾಯಿ ಬಿಡಿಸಿ ಹಲ್ಲು ನೋಡುವುದು, ಬೆನ್ನ ಮೇಲೆ ಕೈಯಾಡಿಸಿ ಸುಳಿ ಹುಡುಕುವುದು, ಒಂದು ಸುತ್ತು ಬಂದು ಬೀಡಿ ಹಚ್ಚುವುದು. ಆಮೇಲೆ “ಇದ್ರ ನಡಿಗೆ ಯಾಕೋ ಸರಿಯಿಲ್ಲ” ಎನ್ನುವುದು. ಅಷ್ಟು ಹೊತ್ತು ಚೆನ್ನಾಗಿಯೇ ನಡೆಯುತ್ತಿದ್ದ ಎತ್ತು ಆ ಕ್ಷಣದಿಂದ ಎಲ್ಲರ ಕಣ್ಣಿಗೂ ಕುಂಟುತ್ತಿತ್ತು. ರಾಜರ ಕಾಲದಲ್ಲಿ ಕುದುರೆಯ ಲಕ್ಷಣ ಹೇಳುವುದಕ್ಕೆ ಶಾಸ್ತ್ರವೇ ಇತ್ತಂತೆ. ಅದನ್ನು ಬರೆದವರಲ್ಲಿ ಕುದುರೆ ಹತ್ತಿದವರು ಎಷ್ಟು ಜನರೋ ಎಂದು ನನಗೆ ಈಚೆಗೆ ಅನುಮಾನ. ಚೆನ್ನಾಗಿಲ್ಲ ಎನ್ನುವುದರಲ್ಲಿ ಒಂದು ಲಾಭವಿದೆ: ಹಾಗೆ ಅಂದವನು ತಿಳಿದವನ ಹಾಗೆ ಕಾಣುತ್ತಾನೆ. ಚೆನ್ನಾಗಿದೆ ಅಂದವನನ್ನು ಜನ ಪಾಪ ಎನ್ನುವಂತೆ ನೋಡುತ್ತಾರೆ.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಲೇ? ಕೆಲಸ ಬಿಟ್ಟ ಮೇಲೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕಾರ್ಖಾನೆಯಲ್ಲಿದ್ದಾಗ ಒಂದು ಬೋಲ್ಟು ಬೇಕಾದರೂ ಇಂಜಿನಿಯರುಗಳು ನನ್ನ ಕಿಟಕಿಯ ಮುಂದೆ ಬಂದು ನಿಲ್ಲುತ್ತಿದ್ದರು. ಈಗ ನನ್ನ ಅಭಿಪ್ರಾಯಕ್ಕೆ ಬೆಲೆ ಇರುವುದು ತರಕಾರಿ ಗಾಡಿಯ ಮುಂದೆ ಮಾತ್ರ. ಅದೂ ಜಯಮ್ಮ ಜೊತೆಗಿಲ್ಲದಿದ್ದಾಗ. ಅಂಥವನಿಗೆ ಬೆಳಗಾಗೆದ್ದು ಫೋನು ತೆರೆದರೆ “ಯಜಮಾನ್ರೇ, ನೀವೇನಂತೀರಿ?” ಎಂದು ಯಾರ್ಯಾರೋ ಕಾದು ಕೂತಿರುವುದು ಕಂಡರೆ ಏನಾಗಬೇಡ? ಕಾಫಿ ಕುಡಿಯುವುದಕ್ಕೂ ಮೊದಲೇ ಒಬ್ಬನೇ ನಗುತ್ತಿದ್ದೆ. ಜಯಮ್ಮ ಬಂದು ಹಣೆ ಮುಟ್ಟಿ ನೋಡಿದ್ದೂ ಉಂಟು.

ಇದು ಹೀಗೇ ನಡೆದುಹೋಗುತ್ತಿತ್ತೋ ಏನೋ. ಒಂದು ಮಧ್ಯಾಹ್ನ ಮುನಿರಾಜುವಿನ ಫೋನು ಬಂತು.

ಮುನಿರಾಜು ವೈಟ್‌ಫೀಲ್ಡಿನ ಆಚೆಯ ಒಂದು ಹಳ್ಳಿಯವನು. ಅಲ್ಲಿ ಗಾಜಿನ ಕಟ್ಟಡಗಳು ಏಳುವ ಮೊದಲಿನಿಂದ ಅವರ ಮನೆತನ ಅಲ್ಲಿದೆ. ಈಗ ಮಣ್ಣು ತೋಡುವ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಾನೆ. ಗ್ರೂಪಿನಲ್ಲಿ ಹೆಚ್ಚು ಬರೆಯುವವನಲ್ಲ.

“ಯಜಮಾನ್ರೇ, ನಾನು ಆ ಗಾಡಿ ಬುಕ್ ಮಾಡವ್ನಿ” ಎಂದ.

“ಯಾವ ಗಾಡಿ?”

“ನೀವು ಸದ್ದು ಸತ್ತೈತೆ ಅಂದ್ರಲ್ಲ, ಅದೇಯ.”

ಆಮೇಲೆ ಮೆಲ್ಲಗೆ ಕಥೆ ಹೇಳಿದ. “ಆವಾಗ ನಾನು ಟ್ರ್ಯಾಕ್ಟರ್ನಾಗೆ ನೀರ್ ಒಡೀತಿದ್ದೆ ಯಜಮಾನ್ರೇ. ಬಿಸ್ಲು. ಒಂದಿನ ಪಕ್ಕದಾಗೆ ಆ ಹಳೇ ಗಾಡಿ ಒಂಟೋಯ್ತು. ಎಂಗೋಯ್ತು ಅಂತೀರಿ, ನನ್ ಟ್ಯಾಂಕರ್ನಾಗಿನ್ ನೀರೆಲ್ಲ ಕುಲುಕೋಯ್ತು. ಆ ಸದ್ದು ಇನ್ನೂ ಕಿವಿಯಾಗೈತೆ. ಒಂದಲ್ಲ ಒಂದಿನ ತಗೊಳ್ದೇ ಬುಡಾಕಿಲ್ಲ ಅಂದ್ಕೊಂಡೆ. ಈಗ ತಗೊಳ್ಳೋ ಅಂಗಾಯ್ತು, ನೋಡುದ್ರೆ ನೀವು ಇಂಗಂತೀರಿ. ನಮ್ ಉಡುಗ್ರು, ಬಾಮೈದ, ಎಲ್ರೂ ಅದ್ನೇ ಓದಿ ನಗ್ತವ್ರೆ. ಬ್ಯಾಡ ಅಂದ್ಬುಡ್ಲಾ?”

ಆ ಕ್ಷಣದಲ್ಲಿ ಹೇಳಿಬಿಡಬೇಕಾಗಿತ್ತು. ಅದರ ಬದಲು ನಾನು, ದೊಡ್ಡ ಡಾಕ್ಟರರು ಎಕ್ಸ್‌ರೇ ನೋಡುವಾಗ ಮಾಡುವಂತೆ “ಹ್ಞೂಂ” ಎಂದು ಉದ್ದಕ್ಕೆ ಎಳೆದೆ.

“ಭಾನ್ವಾರ ಶೋರೂಮ್ನೋರು ಓಡ್ಸಿ ನೋಡೋಕೆ ಕೊಡ್ತಾರಂತೆ. ನೀವು ಬನ್ನಿ. ನೀವೇ ಓಡ್ಸಿ. ನೀವು ಊಂ ಅಂದ್ರೆ ತಗೋತೀನಿ, ಊಹೂಂ ಅಂದ್ರೆ ಬುಟ್ಬುಡ್ತೀನಿ. ಇನ್ಯಾರ್ ಮಾತೂ ಕೇಳಾಕಿಲ್ಲ” ಎಂದು ಫೋನಿಟ್ಟ.

ಒಬ್ಬ ಮನುಷ್ಯ ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತು ಕಟ್ಟಿಕೊಂಡ ಆಸೆ ಈಗ ನನ್ನ ಊಂಗೂ ಊಹೂಂಗೂ ನಡುವೆ ನೇತಾಡುತ್ತಿತ್ತು. ಊಹೂಂ ಎಂದರೆ ಅವನ ಆಸೆ ಹೋಯಿತು. ನಿಜ ಹೇಳಿದರೆ ನನ್ನ ಮರ್ಯಾದೆ ಹೋಯಿತು. ನಾಚಿಕೆಯ ಸಂಗತಿ ಎಂದರೆ, ಇವೆರಡರಲ್ಲಿ ಯಾವುದು ದೊಡ್ಡದು ಎಂದು ನಾನು ಒಂದು ದಿನವಿಡೀ ಯೋಚನೆ ಮಾಡಿದೆ.

“ಬರಲ್ಲ ಅಂತ ಹೇಳ್ಬಿಡಿ, ಅದ್ರಲ್ಲೇನಿದೆ?” ಎಂದಳು ಜಯಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತ. “ನಂಗೂ ಬರಲ್ಲ, ನಾನೇನ್ ಸತ್ತೋಗಿದೀನಾ?”

ಬಸಣ್ಣ ಬೇರೆ ದಾರಿ ತೋರಿಸಿದ. ಈಗಿನ ಕಾರಿಗೆ ಕ್ಲಚ್ಚಿಲ್ಲ, ಗೇರು ಬದಲಿಸುವ ಗೋಜಿಲ್ಲ. ಬ್ರೇಕು ತುಳಿಯುವುದು, ಬಟನ್ನು ಒತ್ತುವುದು, ಅಷ್ಟೇ. ಫೋನಿನಲ್ಲಿ ವೀಡಿಯೊ ಹಾಕಿ ತೋರಿಸಿದ. ನಾನು ಊಟದ ತಟ್ಟೆಯನ್ನು ಸ್ಟಿಯರಿಂಗ್ ಮಾಡಿಕೊಂಡು, ಜಯಮ್ಮನ ಎರಡು ಚಪ್ಪಲಿಗಳನ್ನು ಬ್ರೇಕು, ಆಕ್ಸಿಲರೇಟರ್ ಮಾಡಿಕೊಂಡು ಅಭ್ಯಾಸ ಮಾಡಿದೆ. ಮೆಲ್ಲಗೆ ಹತ್ತು ಮಾರು ಮುಂದಕ್ಕೆ ಹೋಗಿ ನಿಲ್ಲಿಸಿ, ಮಂಡಿ ನೋವು ಎಂದು ಹೇಳಿ ಇಳಿದುಬಿಟ್ಟರಾಯಿತು ಎಂದು ಲೆಕ್ಕ ಹಾಕಿದೆವು. ಊಂ ಎಂದುಬಿಡುವುದು. ಅವನ ಆಸೆಯೂ ಉಳಿಯಿತು, ನನ್ನ ಮಾನವೂ ಉಳಿಯಿತು.

ಭಾನುವಾರ ನಾನೂ ಬಸಣ್ಣನೂ ಮೆಟ್ರೊ ಹತ್ತಿದೆವು. ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ಬೇರೆ ದಿನವಾಗಿದ್ದರೆ ಎಷ್ಟು ದೂರವಪ್ಪ ಎಂದು ಗೊಣಗುತ್ತಿದ್ದೆ. ಅವತ್ತು ವೈಟ್‌ಫೀಲ್ಡ್ ಬಹಳ ಬೇಗ ಬಂತು.

ಮುನಿರಾಜು ಶೋರೂಮಿನ ಮುಂದೆ ಬಿಳಿ ಪಂಚೆ, ಬಿಳಿ ಅಂಗಿ ಹಾಕಿಕೊಂಡು ಮದುವೆ ಮನೆಯ ಬಾಗಿಲಲ್ಲಿ ನಿಂತವನಂತೆ ನಿಂತಿದ್ದ. ಬಗ್ಗಿ ನನ್ನ ಕಾಲು ಮುಟ್ಟಿದ. ನನ್ನ ಕಾಲುಗಳು ಹಿಂದಕ್ಕೆ ಸರಿದವು, ಅವಕ್ಕೆ ನನಗಿಂತ ಮಾನವಿತ್ತು. ಕಾರು ಅಂಗಳದಲ್ಲಿ ನಿಂತಿತ್ತು. ಗಾಢ ಹಸಿರು. ನಿಜ ಹೇಳುತ್ತೇನೆ, ಕಾರಿನ ವಿಷಯದಲ್ಲಿ ನಾನು ಹೇಳುವ ಮೊದಲ ನಿಜ ಇದು: ಅದು ಬಹಳ ಚೆನ್ನಾಗಿತ್ತು. ಗ್ರಿಲ್ಲು ಹಲ್ಲು ಕೀಳಿಸಿಕೊಂಡಂತೇನೂ ಇರಲಿಲ್ಲ.

ಮುನಿರಾಜು ಕೈಚೀಲದಿಂದ ನಾಲ್ಕು ನಿಂಬೆಹಣ್ಣು, ಕರ್ಪೂರ, ಊದುಬತ್ತಿ ತೆಗೆದ. ಟೈ ಕಟ್ಟಿಕೊಂಡಿದ್ದ ಶೋರೂಮಿನವನು ಗಾಬರಿಯಾಗಿ ಓಡಿಬಂದ.

“ಸಾರ್, ಇದು ಡೆಮೊ ಕಾರು ಸಾರ್. ಡೆಲಿವರಿ ದಿನ ನಾವೇ ಪೂಜೆ ಅರೇಂಜ್ ಮಾಡ್ತೀವಿ.”

“ಡೆಮೊ ಆದ್ರೇನಪ್ಪ, ಅದುಕ್ಕೂ ಚಕ್ರ ಐತಲ್ಲ” ಎಂದ ಮುನಿರಾಜು. “ಇರೀರು ಮೊದ್ಲು ಗಾಡಿ ಅತ್ತಾವ್ರೆ. ನಿಂಬೆಅಣ್ಣಿಲ್ದೆ ಎಂಗಪ್ಪ ಅತ್ಸೋದು?”

ನಮ್ಮ ಕಡೆಯ ಕ್ರಮ ನಿಮಗೆ ಗೊತ್ತಲ್ಲ: ಗಾಡಿಯ ನಾಲ್ಕು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು, ಮನೆಯ ಹಿರಿಯರು ಅದನ್ನು ಹಿಸುಕಿಕೊಂಡು ಗಾಡಿಯನ್ನು ಮುಂದಕ್ಕೆ ಬಿಡಬೇಕು. ಅವನು ತನ್ನ ಮನೆಯ ಹಿರಿಯರನ್ನೆಲ್ಲ ಬಿಟ್ಟು ಆ ಜಾಗದಲ್ಲಿ ನನ್ನನ್ನು ಕೂರಿಸುತ್ತಿದ್ದ. ಹತ್ತು ಮಾರು ಹೋಗಿ ಮಂಡಿನೋವು ಎನ್ನುವ ನಮ್ಮ ಲೆಕ್ಕದಲ್ಲಿ ಈ ನಿಂಬೆಹಣ್ಣು ಇರಲಿಲ್ಲ.

ಬಾಗಿಲು ತೆಗೆದರು. ಕೂತೆ ಅನ್ನುವುದಕ್ಕಿಂತ ಬಿದ್ದೆ ಅನ್ನಬೇಕು, ಸೀಟು ಅಷ್ಟು ಕೆಳಗಿತ್ತು. ಬೆಲ್ಟು ತಾನಾಗಿ ಬಿಗಿದುಕೊಂಡು ಇನ್ನು ನೀನೆಲ್ಲಿಗೆ ಹೋಗುತ್ತೀಯ ಎನ್ನುವಂತೆ ನನ್ನನ್ನು ಹಿಡಿದುಕೊಂಡಿತು. ಬ್ರೇಕು ತುಳಿದೆ, ಬಟನ್ನು ಒತ್ತಿದೆ. ದೀಪಗಳು ಹತ್ತಿದವು. ಸದ್ದು ಬರಲಿಲ್ಲ. ಇನ್ನೊಂದು ಸಲ ಒತ್ತಿದೆ. ದೀಪ ಆರಿದವು. ಮತ್ತೆ ಒತ್ತಿದೆ, ಕಿವಿಗೊಟ್ಟೆ. ಏನೂ ಇಲ್ಲ. ಮತ್ತೊಂದು ಸಲ ಒತ್ತಿದೆ.

ಶೋರೂಮಿನವನು ಕಿಟಕಿಯ ಹತ್ತಿರ ಬಗ್ಗಿ, ಬಹಳ ವಿನಯದಿಂದ ಹೇಳಿದ: “ಸಾರ್, ಫಸ್ಟ್ ಟೈಮೇ ಸ್ಟಾರ್ಟ್ ಆಗಿತ್ತು ಸಾರ್. ಕರೆಂಟಲ್ಲಿ ಶುರುವಾಗುತ್ತೆ, ಸದ್ದೇ ಬರಲ್ಲ. ನೀವು ಆಫ್ ಮಾಡ್ತಾ ಇದೀರಿ.”

ಸದ್ದಿನ ಪಂಡಿತನಿಗೆ ಗಾಡಿ ಸ್ಟಾರ್ಟ್ ಆಗಿದೆಯೋ ಇಲ್ಲವೋ ಎಂಬುದೇ ತಿಳಿಯಲಿಲ್ಲ.

ಮತ್ತೆ ಒತ್ತಿ ದೀಪ ಹತ್ತಿಸಿಕೊಂಡೆ. ತಲೆ ಎತ್ತಿದರೆ ಗಾಜಿನ ಆಚೆ, ಕಾರಿನ ಮುಂದೆಯೇ, ಮುನಿರಾಜು ಕರ್ಪೂರದ ತಟ್ಟೆ ಹಿಡಿದು ನಿಂತಿದ್ದಾನೆ. ಮೊದಲ ಹೆಜ್ಜೆ ಇಡುವ ಮಗುವನ್ನು ಕರೆಯುವಂತೆ “ಬನ್ನಿ, ಬನ್ನಿ” ಎಂದು ಒಂದು ಕೈಯಿಂದ ಕರೆಯುತ್ತಿದ್ದಾನೆ. ಮುಖದ ತುಂಬ ನಗು. ಬಸಣ್ಣ ಮಾತ್ರ ಹಿಂದಿನಿಂದ ಅವನ ಅಂಗಿ ಎಳೆಯುತ್ತ “ಅಣ್ಣಾರ, ಸ್ವಲ್ಪ ಈ ಕಡೆ ಬರ್ರಿ, ನನ್ ಮಾತ್ ಕೇಳ್ರಿ” ಎನ್ನುತ್ತಿದ್ದ. ನನ್ನ ಬಲಗಾಲಿನ ಕೆಳಗೆ ಯಾವುದು ಬ್ರೇಕು, ಯಾವುದು ಇನ್ನೊಂದು ಎಂಬುದು ಮರೆತುಹೋಗಿತ್ತು. ಜಯಮ್ಮನ ಚಪ್ಪಲಿಗಳಾಗಿದ್ದರೆ ಕನಿಷ್ಠ ಎಡ ಬಲ ತಿಳಿಯುತ್ತಿತ್ತು. ಆ ನಗುಮುಖವನ್ನು ನೋಡುತ್ತ ನನಗೆ ನನ್ನ ಮರ್ಯಾದೆ ಎಂಬುದು ಎಷ್ಟು ಸಣ್ಣ ಸಾಮಾನು ಎಂದು ಅನ್ನಿಸಿತು. ಕಾಲನ್ನು ಎತ್ತಿ ಸೀಟಿನ ಮೇಲೆ ಮಡಿಸಿಟ್ಟುಕೊಂಡೆ. ಬಾಗಿಲು ತೆಗೆಯಲು ಗೊತ್ತಾಗದೆ ಒಳಗಿನಿಂದ ಅದನ್ನೇ ತಟ್ಟಿದೆ. ಮುನಿರಾಜುವೇ ಬಂದು ತೆಗೆದ.

“ಮುನಿರಾಜು, ನನಗೆ ಓಡಿಸೋಕೆ ಬರಲ್ಲ ಕಣಪ್ಪ.”

“ಒಸ ಗಾಡಿ ಅಲ್ವಾ, ನಂಗೂ ಬರಾಕಿಲ್ಲ ಬುಡಿ. ಈ ಉಡುಗ ಯೇಳ್ಕೊಡ್ತಾನೆ.”

“ಯಾವ ಗಾಡೀನೂ ಬರಲ್ಲ. ಹಳೇದನ್ನೂ ಓಡಿಸಿಲ್ಲ. ಅದರಲ್ಲಿ ಒಂದು ಸಲ ಕುಂಬಳಕಾಯಿ ಹಿಡ್ಕೊಂಡು ಹಿಂದೆ ಕೂತಿದ್ದೆ, ಅಷ್ಟೇ. ನನ್ನ ಎಡಗಿವಿ ಕೇಳಿಸಲ್ಲ. ಸದ್ದಿನ ವಿಷಯ ಬರೆದಿದ್ದೆಲ್ಲ ಸುಮ್ಮನೆ ಬರೆದಿದ್ದು. ನಾನು ತಪ್ಪು ಮಾಡಿದೆ.”

ಮುನಿರಾಜುವಿನ ನಗು ಒಂದೇ ಸಲ ಹೋಗಲಿಲ್ಲ. ಮೆಲ್ಲಗೆ, ಕರ್ಪೂರದ ಜೊತೆಗೆ ಆರಿತು. ಅವನು ತಟ್ಟೆಯನ್ನು ಬಸಣ್ಣನ ಕೈಗೆ ಕೊಟ್ಟು ಶೋರೂಮಿನ ಮೆಟ್ಟಿಲ ಮೇಲೆ ಹೋಗಿ ಕೂತ. ಬಯ್ದಿದ್ದರೆ ವಾಸಿಯಾಗಿತ್ತು.

“ಅಲ್ಲ ಯಜಮಾನ್ರೇ” ಎಂದ. “ನಾನು ನಿದ್ದೆ ಬುಟ್ಟಿವ್ನಿ. ನನ್ ಎಂಡ್ರು ಕೈಲಿ ಮಾತಾಡಿಲ್ಲ. ಒಂದ್ ಕುಂಬ್ಳಕಾಯಿ ಮಾತ್ ಕೇಳ್ಕೊಂಡು.”

ನಾನು ತಲೆ ತಗ್ಗಿಸಿ ನಿಂತೆ. ಬಸಣ್ಣ ನನ್ನ ಪಕ್ಕಕ್ಕೆ ಬಂದು ತಾನೂ ತಲೆ ತಗ್ಗಿಸಿದ. “ಬರೀರಿ ಅಂತ ಅಂದಾಂವ ನಾನರೀ ಅಣ್ಣಾರ” ಎಂದ. ಶೋರೂಮಿನವನು ಗಡಿಯಾರ ನೋಡಿಕೊಂಡ: “ಸಾರ್, ಮುಂದಿನ ಕಸ್ಟಮರ್ ಟೈಮಾಯ್ತು. ಯಾರಾದ್ರೂ ಒಬ್ರು ಓಡಿಸ್ತೀರಾ?”

ಮುನಿರಾಜು ಎದ್ದ. ಪಂಚೆ ಎತ್ತಿ ಕಟ್ಟಿದ. “ಅತ್ತಿ” ಎಂದ ನನಗೆ, ಪಕ್ಕದ ಸೀಟು ತೋರಿಸಿ. ಬೇಡವೆನ್ನುವ ಧೈರ್ಯವಾಗಲಿಲ್ಲ. ಬಸಣ್ಣನೂ ಶೋರೂಮಿನವನೂ ಹಿಂದೆ ಕೂತರು. ನಿಂಬೆಹಣ್ಣುಗಳು ಪಚ ಪಚ ಎಂದವು. ಅದು ನನಗೂ ಕೇಳಿಸಿತು.

ಹೊಸಕೋಟೆ ಕಡೆ ಹೋಗುವ ದಾರಿಯಲ್ಲಿ ಒಂದು ಕಡೆ ರಸ್ತೆ ಖಾಲಿ ಸಿಕ್ಕಿತು. ನಮ್ಮೂರಲ್ಲಿ ಖಾಲಿ ರಸ್ತೆ ಸಿಗುವುದೂ ಒಂದು ವರವೇ. ಮುನಿರಾಜು ನನ್ನನ್ನು ಒಂದು ಸಲ ನೋಡಿ ಕಾಲು ಒತ್ತಿದ. ಆಮೇಲೆ ಏನಾಯಿತೆಂದು ನಾನು ಸರಿಯಾಗಿ ಹೇಳಲಾರೆ. ನನ್ನ ಬೆನ್ನು ಸೀಟಿನೊಳಕ್ಕೆ ಹೋಯಿತು. ಹೊಟ್ಟೆ ಶೋರೂಮಿನಲ್ಲೇ ಉಳಿಯಿತು. ಮರಗಳು ಎದುರಿನಿಂದ ಓಡಿಬಂದು ನಮ್ಮನ್ನು ಬಿಟ್ಟು ಹೋದವು. ಯಾರೋ “ಅಯ್ಯಯ್ಯಯ್ಯಪ್ಪಾ” ಎಂದು ಕೂಗುತ್ತಿದ್ದರು. ಕೂಗುತ್ತಿದ್ದವನು ನಾನೇ ಎಂದು ಕಾರು ನಿಧಾನವಾದ ಮೇಲೆ ತಿಳಿಯಿತು.

“ಈಗ ಯೇಳಿ” ಎಂದ ಮುನಿರಾಜು. “ಸದ್ದು ಎಂಗಿತ್ತು?”

“ನನ್ನ ಎದೆ ಬಡ್ಕೊಳ್ಳೋ ಸದ್ದಲ್ಲಿ ಗಾಡಿ ಸದ್ದು ಕೇಳಿಸ್ಲೇ ಇಲ್ಲಪ್ಪ.”

ಮುನಿರಾಜು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ನಕ್ಕ. ಸ್ಟಿಯರಿಂಗಿನ ಮೇಲೆ ತಲೆಯಿಟ್ಟು, ಬೆನ್ನು ಕುಲುಕುವ ಹಾಗೆ ನಕ್ಕ. ಹಿಂದೆ ಕೂತವರೂ ನಕ್ಕರು. ಕಣ್ಣೊರೆಸಿಕೊಂಡು ಅವನೇ ಹೇಳಿದ: “ಆ ಸದ್ದಲ್ಲ ಯಜಮಾನ್ರೇ ಇದು. ನಿಜ. ಆದ್ರೆ ಅವಾಗ ನಾನು ರೋಡ್ನಾಗಿದ್ದೆ, ಇವಾಗ ಒಳಗವ್ನಿ. ಒಳಗಿರೋರ್ಗೆ ಇಂಗೇ ಕೇಳುಸ್ತಿತ್ತೇನೋ, ಯಾರಿಗ್ ಗೊತ್ತು?”

“ಹಾಗಾದರೆ ತಗೋತೀಯಾ?”

“ನೀವು ಬ್ಯಾಡ ಅಂದಿದ್ರೂ ತಗೋತಿದ್ದೆ ಅನ್ಸುತ್ತೆ” ಎಂದ. ಆಮೇಲೆ ರಸ್ತೆಯನ್ನು ನೋಡುತ್ತ ಹೇಳಿದ: “ಅಷ್ಟ್ ಜನ ಬರುದ್ರಲ್ಲ ಯಜಮಾನ್ರೇ. ಚೆಂದಾಗೈತೆ, ತಗೋ ಮುನಿರಾಜು, ಅಂತ ಒಬ್ರಾದ್ರೂ ಅನ್ಲಿ ಅಂತ ಕಾಯ್ತಿದ್ದೆ. ಅದುಕ್ಕೇ ನಿಮ್ಗೆ ಫೋನ್ ಮಾಡಿದ್ದು.”

ನಾನು ಅವನ ಫೋನನ್ನು ಪರೀಕ್ಷೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಬರಿಯ ಒಂದು ಒಳ್ಳೆಯ ಮಾತು. ಅದನ್ನು ಕೊಡುವುದಕ್ಕೆ ಕಾರು ಓಡಿಸಲು ಬರಬೇಕಾಗಿರಲಿಲ್ಲ, ಎರಡು ಕಿವಿಯೂ ಬೇಕಾಗಿರಲಿಲ್ಲ.

ಮನೆಗೆ ಬಂದು ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ. ಕುಂಬಳಕಾಯಿಯನ್ನೂ ಬಿಡಲಿಲ್ಲ. ಬರೆದು ಕಳಿಸಿ ಫೋನನ್ನು ಅಕ್ಕಿ ಡಬ್ಬದ ಮೇಲೆ ಮುಖ ಕೆಳಗೆ ಮಾಡಿ ಇಟ್ಟೆ. ಆಮೇಲೆ ತೆಗೆದು ನೋಡಿದರೆ, ಕಾರು ಬಿಡುಗಡೆಯಾದ ದಿನದಷ್ಟೇ ಮಳೆ. ಒಬ್ಬ ಕೋಪ ಮಾಡಿಕೊಂಡು ಗ್ರೂಪನ್ನೇ ಬಿಟ್ಟ. ಒಬ್ಬ “ಕುಂಬಳಕಾಯಿಗೆ ಹಿಂದಿನ ಸೀಟಲ್ಲಿ ಕಂಫರ್ಟ್ ಹೇಗಿತ್ತು, ರಿವ್ಯೂ ಕೊಡಿ” ಎಂದ. ಇನ್ನೊಬ್ಬ “ನಾನೂ ಇದುವರೆಗೆ ಕೂತಿಲ್ಲ ಯಜಮಾನ್ರೇ, ಯಾರಿಗೂ ಹೇಳ್ಬೇಡಿ” ಎಂದು ಎಲ್ಲರೂ ಓದುವಲ್ಲಿಯೇ ಬರೆದ. ಅವನ ಹಿಂದೆ ಇನ್ನೂ ಕೆಲವರು ಸಾಲಾಗಿ ಕೈ ಎತ್ತಿದರು. ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಹಾಕಲಿಲ್ಲ. ಆದರೆ ಈಗ ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಮೊದಮೊದಲು ಬೆಳಗಿನ ಕಾಫಿ ಸಪ್ಪೆಯಾಯಿತು, ಸುಳ್ಳು ಹೇಳುವುದಿಲ್ಲ.

ಮುನಿರಾಜು ಕಾರು ತೆಗೆದುಕೊಂಡ. ಹಸಿರು ಬಣ್ಣದ್ದೇ. ಪೂಜೆಯ ದಿನ ಅವನ ಹೆಂಡತಿ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದ ಫೋಟೊ ಗ್ರೂಪಿಗೆ ಬಂತು. ಯಾರಾದರೂ ಗ್ರಿಲ್ಲಿನ ಬಗ್ಗೆ ಮಾತು ತೆಗೆಯುವುದರೊಳಗೆ ನಾನು ಬರೆದೆ: “ಚೆನ್ನಾಗಿದೆ. ಸುಖವಾಗಿ ಓಡಿಸಪ್ಪ.” ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯಂತ ಸಾಧಾರಣವಾದ ಎರಡು ವಾಕ್ಯಗಳು. ಯಾರೂ ಅದನ್ನು ಹಿಡಿದು ಮುಂದೆ ಹಂಚಲಿಲ್ಲ. ಮುನಿರಾಜು ಮಾತ್ರ ಒಂದು ಕೈಮುಗಿದ ಚಿತ್ರ ಕಳಿಸಿದ.

ಇದಾದ ಕೆಲವು ದಿನಕ್ಕೆ ಜಯಮ್ಮ ಹೊಸ ಕನ್ನಡಕ ಹಾಕಿಕೊಂಡು ಬಂದಳು. ಅಂಗಡಿಯವನು ಏನೋ ಹೇಳಿ ಕೆಂಪು ಫ್ರೇಮು ಕೊಟ್ಟಿದ್ದ. ಚೀಲ ಕೆಳಗಿಡದೆ, ಮುಖ ನನ್ನ ಕಡೆ ಮಾಡಿ ಬಾಗಿಲಲ್ಲೇ ನಿಂತಳು. ಇಷ್ಟು ವರ್ಷ ಹೊಸ ಸೀರೆಯೋ ಪಾತ್ರೆಯೋ ತಂದು ಅವಳು ಹಾಗೆ ನಿಂತಾಗೆಲ್ಲ ನಾನು ಏನು ಹೇಳಿದ್ದೇನೆ ಎಂದು ಯೋಚಿಸಿದೆ; ಹೆಚ್ಚಾಗಿ ಅಗಲ, ಉದ್ದ, ಬಾಳಿಕೆ ಇವುಗಳ ವಿಷಯ.

“ಚೆನ್ನಾಗಿದೆ” ಎಂದೆ.

“ನಿಮಗೇನ್ ಗೊತ್ತು ಅದೆಲ್ಲ, ಸುಮ್ನಿರಿ” ಎಂದು ಒಳಗೆ ಹೋದಳು. ಒಳಗೆ ಹೋದವಳು ಅಡುಗೆಮನೆಗೆ ಹೋಗಲಿಲ್ಲ. ಬಚ್ಚಲ ಪಕ್ಕದ ಕನ್ನಡಿಯ ದೀಪ ಹಾಕಿದಳು.